ಇಂಬಳದ ಹೊಟ್ಟೆಯಲ್ಲಿ ಕಾಡಿನ ಲೆಕ್ಕ

ಜೂನ್ ಕೊನೆಯ ವಾರದಿಂದ ಅಕ್ಟೋಬರ್‌ವರೆಗೆ ಯಾವುದೇ ಶನಿವಾರ ಬೆಳಗಿನ ಜಾವ ಮೈಸೂರಿನ ಹುಣಸೂರು ರಸ್ತೆಯಲ್ಲಿ ನಿಂತು ನೋಡಿದರೆ, ಕೊಡಗಿನತ್ತ ಹೊರಟ ಕಾರು, ಬೈಕು ಮತ್ತು ಟೆಂಪೊ ಟ್ರಾವೆಲರ್‌ಗಳ ಸಾಲು ಕಾಣುತ್ತದೆ. ಅವರ ಚೀಲಗಳಲ್ಲಿ ರೇನ್‌ಕೋಟು, ಕುರುಕು ತಿಂಡಿ, ಪವರ್ ಬ್ಯಾಂಕುಗಳ ನಡುವೆ ಒಂದು ಉಪ್ಪಿನ ಪೊಟ್ಟಣವೂ ಇರುತ್ತದೆ. ಚಾರಣಕ್ಕೆ ಕರೆದೊಯ್ಯುವವರನ್ನು ಹೆಚ್ಚಿನವರು ಮೊದಲು ಕೇಳುವ ಪ್ರಶ್ನೆ, ಅಲ್ಲಿ ಜಿಗಣೆ ಇದೆಯೇ ಎಂಬುದು. ಇದೆ ಎಂದರೆ ಕೆಲವರು ಪ್ರವಾಸವನ್ನೇ ಕೈಬಿಡುತ್ತಾರೆ, ಉಳಿದವರು ಇನ್ನೊಂದು ಪೊಟ್ಟಣ ಉಪ್ಪು ಕೊಳ್ಳುತ್ತಾರೆ. ಒಂದು ಕಾಡಿನಲ್ಲಿ ಈ ಪ್ರಾಣಿ ಇದೆ ಎಂಬುದರಿಂದ ಆ ಕಾಡಿನ ಬಗ್ಗೆ ಏನು ತಿಳಿಯುತ್ತದೆ ಎಂದು ಕೇಳುವವರು ಅಪರೂಪ. ಕಳೆದ ಹದಿನೈದು ವರ್ಷಗಳಲ್ಲಿ ವನ್ಯಜೀವಿ ವಿಜ್ಞಾನಿಗಳು ಈ ಎರಡನೆಯ ಪ್ರಶ್ನೆಯನ್ನು ಗಂಭೀರವಾಗಿ ಕೇಳಲಾರಂಭಿಸಿದ್ದಾರೆ. ಅವರಿಗೆ ಸಿಕ್ಕಿರುವ ಉತ್ತರಗಳು ನಾಗರಹೊಳೆಯನ್ನು ಹಿತ್ತಲಲ್ಲಿಟ್ಟುಕೊಂಡಿರುವ ಮೈಸೂರಿಗೆ ನೇರವಾಗಿ ಸಂಬಂಧಿಸಿದವು.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳಬೇಕು. ಮಂಡ್ಯ, ಮೈಸೂರಿನ ಬಯಲಿನಲ್ಲಿ ನಾವು ಜಿಗಣೆ ಎನ್ನುವುದು ಬಹುತೇಕ ನೀರಿನ ಜಿಗಣೆಯನ್ನು. ವಿಶ್ವೇಶ್ವರಯ್ಯ ನಾಲೆಯ ನೀರು ಹಾಯುವ ಗದ್ದೆಗಳಲ್ಲಿ ನಾಟಿ ಹಾಕುವ ಹೆಂಗಸರ ಮೀನಖಂಡಕ್ಕೆ, ಕೆರೆಗಿಳಿದ ಎಮ್ಮೆಗಳ ಕೆಚ್ಚಲಿಗೆ ಅಂಟುವುದು ಅದು. ನಮ್ಮಜ್ಜಿ ಗದ್ದೆಯಿಂದ ಬಂದು ಜಗಲಿಯ ಮೇಲೆ ಕೂತು, ಎಲೆಯಡಿಕೆಯ ಚೀಲದಿಂದ ಚಿಟಿಕೆ ಸುಣ್ಣ ತೆಗೆದು ಅದರ ಬಾಯಿಗೆ ಮುಟ್ಟಿಸಿ, ‘ಕೆಟ್ಟ ರಕ್ತ ಹೋಯ್ತದೆ ಬುಡು ಮಗ’ ಎನ್ನುತ್ತಿದ್ದಳು. ಮಲೆನಾಡಿನಲ್ಲಿ, ಕೊಡಗಿನಲ್ಲಿ ಮಳೆಗಾಲದ ನೆಲದ ಮೇಲೆ ಎದ್ದುನಿಂತು ತಲೆಯಾಡಿಸುವ ತೆಳ್ಳನೆಯ ಪ್ರಾಣಿ ಬೇರೆ. ಅದಕ್ಕೆ ಅಲ್ಲಿನವರು ಇಂಬಳ ಅಥವಾ ಉಂಬಳ ಎಂಬ ಬೇರೆಯ ಹೆಸರನ್ನೇ ಇಟ್ಟಿದ್ದಾರೆ. ಪ್ರಾಣಿಶಾಸ್ತ್ರವೂ ಇವೆರಡನ್ನು ಬೇರೆ ಬೇರೆ ಕುಟುಂಬಗಳಲ್ಲಿ ಇಡುತ್ತದೆ. ನೆಲದ ಜಿಗಣೆಗಳ ಕುಟುಂಬಕ್ಕೆ ಹೀಮಡಿಪ್ಸಿಡೆ ಎಂದು ಹೆಸರು. ಭಾರತದ ಕಾಡುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದರಲ್ಲಿನ ಹೀಮಡಿಪ್ಸ ಎಂಬ ಕುಲ. ವಿಜ್ಞಾನದವರು ಹೇಳುವ ಮೊದಲೇ ಕನ್ನಡ ಈ ವಿಂಗಡಣೆಯನ್ನು ಮಾಡಿಕೊಂಡಿತ್ತು, ಬಯಲಿನವರಾದ ನಾವು ಅದನ್ನು ಕಲಿಯಲಿಲ್ಲ ಅಷ್ಟೆ.

ಇಂಬಳ ಬಯಲಿಗೆ ಇಳಿಯದಿರುವುದಕ್ಕೆ ಕಾರಣ ಅದರ ಚರ್ಮ. ಅದು ಉಸಿರಾಡುವುದು ಚರ್ಮದ ಮೂಲಕ. ಆ ಚರ್ಮ ಸದಾ ಒದ್ದೆಯಾಗಿರಬೇಕು, ಒಣಗಿದರೆ ಅದರ ಕತೆ ಮುಗಿಯಿತು. ಮೈಸೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿಲಿಮೀಟರ್. ಇಲ್ಲಿಂದ ಸುಮಾರು 120 ಕಿಲೋಮೀಟರ್ ದೂರದ ಮಡಿಕೇರಿಯಲ್ಲಿ ಅದು 3,000 ಮಿಲಿಮೀಟರ್ ದಾಟುತ್ತದೆ, ಭಾಗಮಂಡಲದ ಕಡೆ ಅದಕ್ಕೂ ಬಹಳ ಮೇಲೆ ಹೋಗುತ್ತದೆ. ಇಷ್ಟು ಸಣ್ಣ ಅಂತರದಲ್ಲಿ ಮಳೆ ಇಷ್ಟು ಬದಲಾಗುವುದರಿಂದ, ಹುಣಸೂರಿನ ಕುರುಚಲು ಕಾಡಿನಿಂದ ಹೊರಟು ಬ್ರಹ್ಮಗಿರಿಯ ಶೋಲಾ ಕಾಡನ್ನು ಹೊಗುವವರು ಇಂಬಳವಿಲ್ಲದ ನೆಲದಿಂದ ಇಂಬಳದ ರಾಜ್ಯಕ್ಕೆ ಎರಡು ಮೂರು ಗಂಟೆಗಳಲ್ಲಿ ತಲುಪಿಬಿಡುತ್ತಾರೆ. ನಾಗರಹೊಳೆಯ ಒಳಗೇ ಈ ವ್ಯತ್ಯಾಸವಿದೆ: ಕಬಿನಿಯ ಹಿನ್ನೀರಿನ ಕಡೆಯ ಅಂತರಸಂತೆ ಒಣ ಎಲೆ ಉದುರುವ ಕಾಡು, ಕೊಡಗಿನ ಅಂಚು ತೇವದ ಕಾಡು.

ಒಣ ನೆಲದಲ್ಲಿ ಬದುಕಲಾರದ ಈ ಪ್ರಾಣಿ ನೀರಿನಿಂದ ಹೊರಬಂದು ನೆಲದಲ್ಲಿ ಬದುಕುವುದನ್ನು ಸಾಧಿಸಿದ ಬಗೆ ನಿಜಕ್ಕೂ ಸೊಗಸಾದದ್ದು. ಅದರ ಎರಡೂ ತುದಿಗಳಲ್ಲಿ ಅಂಟುಬಟ್ಟಲುಗಳಿವೆ. ಮುಂದಿನದರ ನಡುವೆ ಬಾಯಿ, ಹಿಂದಿನದು ನೆಲವನ್ನು ಹಿಡಿದು ನಿಲ್ಲಲು. ಒಣಗಿದ ಬಟ್ಟಲು ಅಂಟುವುದಿಲ್ಲವಾದ್ದರಿಂದ, ದೇಹದ ಹಿಂತುದಿಯಲ್ಲಿ ಕಿವಿಹಾಳೆಯಂಥ ಪುಟ್ಟ ಮಡಿಕೆಗಳಿದ್ದು, ವಿಸರ್ಜನಾ ನಾಳಗಳಿಂದ ಬರುವ ದ್ರವವನ್ನು ಅವು ಹಿಂಬಟ್ಟಲಿಗೆ ಹಾಯಿಸಿ ಅದನ್ನು ಒದ್ದೆಯಾಗಿಡುತ್ತವೆ. ತನ್ನ ಮೂತ್ರದಿಂದಲೇ ಕಾಲಿಗೆ ನೀರು ಹಾಕಿಕೊಳ್ಳುವ ವ್ಯವಸ್ಥೆ ಎನ್ನಬಹುದು. ತಲೆಯ ಮೇಲೆ ಐದು ಜೊತೆ ಕಣ್ಣುಗಳು. ಅವು ಚಿತ್ರವನ್ನು ಕಾಣಲಾರವು, ಬೆಳಕು ನೆರಳುಗಳ ಚಲನೆಯನ್ನು ಮಾತ್ರ ಗುರುತಿಸುತ್ತವೆ. ಹೆಜ್ಜೆಯಿಂದ ನೆಲ ಅದುರುವುದು, ಹಾದುಹೋಗುವ ದೇಹದ ಬಿಸಿ, ಉಸಿರಿನಲ್ಲಿನ ಇಂಗಾಲದ ಡೈ ಆಕ್ಸೈಡ್, ಇವೆಲ್ಲ ಸೇರಿ ಅದಕ್ಕೆ ಊಟ ಬಂದ ಸುದ್ದಿ ಕೊಡುತ್ತವೆ. ಸಾಲಾಗಿ ನಡೆಯುವವರಲ್ಲಿ ಮೊದಲಿನವನ ಹೆಜ್ಜೆಗೆ ಎಚ್ಚೆತ್ತದ್ದು ಹಿಂದಿನವರ ಕಾಲಿಗೆ ಹತ್ತುತ್ತದೆ ಎಂದು ಮಲೆನಾಡಿನವರು ಹೇಳುವುದರಲ್ಲಿ ಅರ್ಥವಿದೆ. ಮಳೆ ನಿಂತು ನೆಲ ಒಣಗತೊಡಗಿದಾಗ ಅದು ಮಣ್ಣಿನ ಬಿರುಕುಗಳಿಗೆ, ಕೊಳೆತ ಮರದ ಅಡಿಗೆ ಇಳಿದು ಮುಂದಿನ ಮಳೆಯವರೆಗೆ ಸುಮ್ಮನಿರುತ್ತದೆ.

ಅದು ಮರದಿಂದ ಮೈಮೇಲೆ ಉದುರುತ್ತದೆ ಎಂಬ ನಂಬಿಕೆ ಚಾರಣಿಗರಲ್ಲಿ ಬಲವಾಗಿದೆ. ಸಾಮಾನ್ಯವಾಗಿ ಅದು ನೆಲದಿಂದ ಅಥವಾ ಮೊಣಕಾಲೆತ್ತರದ ಎಲೆಯಿಂದ ಹತ್ತಿ ಮೇಲಕ್ಕೆ ತೆವಳುತ್ತದೆ. ಕುತ್ತಿಗೆಯಲ್ಲಿ ಸಿಕ್ಕಿದ್ದು ಕಾಲಿನಿಂದ ನಡೆದುಬಂದದ್ದೇ ಆಗಿರುವ ಸಂಭವ ಹೆಚ್ಚು. ಆದರೆ ನೆಗೆಯುವ ಜಿಗಣೆಯ ಮಾತು ಪೂರ್ತಿ ಕಟ್ಟುಕತೆಯಲ್ಲ. 1344ರಲ್ಲಿ ಸಿಂಹಳಕ್ಕೆ ಬಂದಿದ್ದ ಮೊರಾಕೊದ ಯಾತ್ರಿಕ ಇಬ್ನ್ ಬತೂತ, ಮೈಮೇಲೆ ಹಾರುವ ಜಿಗಣೆಗಳನ್ನೂ ಅವುಗಳ ಮೇಲೆ ಹಿಂಡಲು ನಿಂಬೆಹಣ್ಣನ್ನು ಸಿದ್ಧವಾಗಿಟ್ಟುಕೊಳ್ಳುತ್ತಿದ್ದ ಜನರನ್ನೂ ವರ್ಣಿಸಿದ್ದಾನೆ. ವಿದ್ವಾಂಸರು ಈ ಬಗ್ಗೆ ಶತಮಾನಗಳ ಕಾಲ ವಾದಿಸಿದರು. ಮಡಗಾಸ್ಕರ್‌ನಲ್ಲಿ 2017ರಲ್ಲಿ ಮತ್ತು 2023ರಲ್ಲಿ ಚಿತ್ರೀಕರಿಸಿದ ವಿಡಿಯೊಗಳ ಆಧಾರದಿಂದ, ಅಲ್ಲಿನ ಒಂದು ನೆಲಜಿಗಣೆ ಎಲೆಯ ಮೇಲೆ ಮೈಯನ್ನು ಹಿಂದಕ್ಕೆ ಬಾಗಿಸಿ ಚಿಮ್ಮುವುದು ನಿಜವೆಂದು 2024ರಲ್ಲಿ ಪ್ರಕಟವಾಯಿತು. ಅದು ಬೇರೆ ಕುಲದ್ದು, ನಮ್ಮ ಇಂಬಳದ ನೆಂಟ ಮಾತ್ರ.

ಈಗ ಕಡಿತದ ವಿಷಯ. ಹೀಮಡಿಪ್ಸಕ್ಕೆ ಮೂರು ದವಡೆಗಳಿದ್ದು, ಮೂರು ಗೀರುಗಳು ಒಂದು ಬಿಂದುವಿನಲ್ಲಿ ಸೇರುವಂಥ ಗಾಯ ಮಾಡುತ್ತವೆ. ಕಚ್ಚಿದ್ದು ಎಷ್ಟೋ ಬಾರಿ ಗೊತ್ತೇ ಆಗುವುದಿಲ್ಲ. ಕಾಲುಚೀಲ ಕೆಂಪಾದ ಮೇಲೆ ಗೊತ್ತಾಗುತ್ತದೆ. ಜಿಗಣೆಯ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ವಸ್ತುವಿದೆ ಎಂದು 1884ರಲ್ಲಿ ಜಾನ್ ಹೇಕ್ರಾಫ್ಟ್ ತೋರಿಸಿದರು. ಔಷಧಿ ಜಿಗಣೆಯ ಆ ವಸ್ತುವಿಗೆ 1904ರಲ್ಲಿ ಹಿರುಡಿನ್ ಎಂಬ ಹೆಸರು ಬಂತು. ನೆಲದ ಜಿಗಣೆಯಲ್ಲಿ ಅದೇ ಕೆಲಸ ಮಾಡುವ ಹೀಮಡಿನ್ ಎಂಬ ಪ್ರೋಟೀನನ್ನು 1993ರಲ್ಲಿ ವಿವರಿಸಲಾಯಿತು. ಎರಡೂ ರಕ್ತವನ್ನು ಗಟ್ಟಿಯಾಗಿಸುವ ಥ್ರಾಂಬಿನ್ ಎಂಬ ಕಿಣ್ವವನ್ನು ಹಿಡಿದು ನಿಲ್ಲಿಸುತ್ತವೆ. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕುವಾಗ ವೈದ್ಯರು ಬಳಸುವ ಔಷಧಗಳಲ್ಲಿ ಒಂದಾದ ಬೈವಲಿರುಡಿನ್ ರೂಪುಗೊಂಡದ್ದು ಹಿರುಡಿನ್‌ನ ಮಾದರಿಯಲ್ಲಿ. ಇಂಬಳ ಕಳಚಿ ಬಿದ್ದ ಮೇಲೂ ಗಾಯದಿಂದ ಗಂಟೆಗಟ್ಟಲೆ ರಕ್ತ ಜಿನುಗುವುದಕ್ಕೆ ಇದೇ ಕಾರಣ. ನೋಡಲು ಭಯವಾದರೂ ಆರೋಗ್ಯವಂತರಿಗೆ ಅದರಿಂದ ಆಗುವ ರಕ್ತನಷ್ಟ ಅಲ್ಪ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮಾತ್ರ ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಹೊಟ್ಟೆ ತುಂಬಿದೊಡನೆ ಅದು ತಾನಾಗಿಯೇ ಬಿಟ್ಟುಹೋಗುತ್ತದೆ, ಒಮ್ಮೆ ಉಂಡ ರಕ್ತದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಮೀಟರ್ ಬಡ್ಡಿಯವರನ್ನು ಜಿಗಣೆ ಎಂದು ಕರೆಯುವ ನಮ್ಮ ರೂಢಿ ಈ ದೃಷ್ಟಿಯಿಂದ ಜಿಗಣೆಗೆ ಮಾಡುವ ಅನ್ಯಾಯ.

ಅಜ್ಜಿಯ ‘ಕೆಟ್ಟ ರಕ್ತ’ದ ಮಾತಿಗೆ ಸುಶ್ರುತನಷ್ಟು ಹಳೆಯ ಬೇರಿದೆ. ಆಯುರ್ವೇದ ಜಲೌಕಗಳನ್ನು, ಅಂದರೆ ಜಿಗಣೆಗಳನ್ನು, ಹನ್ನೆರಡು ಬಗೆಯಾಗಿ ವಿಂಗಡಿಸಿ, ಆರನ್ನು ವಿಷಯುಕ್ತ, ಆರನ್ನು ನಿರ್ವಿಷ ಎಂದಿದೆ. 1908ರಿಂದ ಆಯುರ್ವೇದ ಕಾಲೇಜು ನಡೆಯುತ್ತಿರುವ ಮೈಸೂರಿನಲ್ಲಿ ಜಿಗಣೆ ಚಿಕಿತ್ಸೆಯ ಬಗ್ಗೆ ಕೇಳದವರು ಕಡಿಮೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೂ 2004ರಲ್ಲಿ ಔಷಧಿ ಜಿಗಣೆಯನ್ನು ವೈದ್ಯಕೀಯ ಸಾಧನವಾಗಿ ಮಾರಲು ಒಪ್ಪಿಗೆ ಕೊಟ್ಟಿತು. ಕತ್ತರಿಸಿಹೋದ ಬೆರಳನ್ನು ಮರುಜೋಡಿಸಿದಾಗ ಅಲ್ಲಿ ಕಟ್ಟಿಕೊಳ್ಳುವ ರಕ್ತವನ್ನು ತೆಗೆಯಲು ಅದನ್ನು ಬಳಸುತ್ತಾರೆ. ಇದೆಲ್ಲ ಸಾಕಿದ ನೀರಿನ ಜಿಗಣೆಯ ಮಾತು. ಕಾಡಿನ ಇಂಬಳವನ್ನು ಬಾಟಲಿಯಲ್ಲಿ ಹಿಡಿದುತಂದು ಮಂಡಿನೋವಿಗೆ ಕಚ್ಚಿಸಿಕೊಳ್ಳುವುದು ಆಯುರ್ವೇದವೂ ಅಲ್ಲ, ಆಧುನಿಕ ವೈದ್ಯವೂ ಅಲ್ಲ.

ಉಪ್ಪಿನ ಪೊಟ್ಟಣಕ್ಕೆ ಮರಳುವುದಾದರೆ, ಕಚ್ಚಿ ಕೂತ ಇಂಬಳದ ಮೇಲೆ ಉಪ್ಪು, ಸುಣ್ಣ, ನಶ್ಯ, ಸ್ಯಾನಿಟೈಸರ್ ಹಾಕಿದರೆ ಅದು ಖಂಡಿತ ಬಿದ್ದುಹೋಗುತ್ತದೆ. ಆದರೆ ಬೀಳುವ ಮೊದಲು ಸಂಕಟದಿಂದ ಹೊಟ್ಟೆಯಲ್ಲಿದ್ದುದನ್ನು ಗಾಯದೊಳಕ್ಕೆ ಕಕ್ಕುವ ಸಾಧ್ಯತೆ ಇದೆ, ಆ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾಗಳಿರುತ್ತವೆ. ಬಾಯಿಯಿರುವ ತೆಳ್ಳನೆಯ ತುದಿಯ ಪಕ್ಕದಲ್ಲಿ ಉಗುರನ್ನು ಚರ್ಮಕ್ಕೆ ಒತ್ತಿ ಅಡ್ಡಕ್ಕೆ ಸರಿಸಿ, ನಂತರ ಹಿಂದಿನ ಬಟ್ಟಲನ್ನು ಬಿಡಿಸಿ, ಸಾಬೂನಿನಿಂದ ತೊಳೆದು ಸ್ವಲ್ಪ ಹೊತ್ತು ಒತ್ತಿಹಿಡಿದರೆ ಸಾಕು. ಕೋಲಿನ ತುದಿಗೆ ಉಪ್ಪಿನ ಗಂಟು ಕಟ್ಟಿಕೊಂಡು ಕಾಲಿಗೆ ಹತ್ತಿದ್ದನ್ನು ಮುಟ್ಟಿಸಿ ಕೆಡವುವ ಮಲೆನಾಡಿನ ಹಳೆಯ ಕ್ರಮಕ್ಕೂ, ಕಿಲೋಗಟ್ಟಲೆ ಉಪ್ಪನ್ನು ದಾರಿಯುದ್ದಕ್ಕೂ ಚೆಲ್ಲುವ ಇಂದಿನ ಪ್ರವಾಸಿಗರ ರೂಢಿಗೂ ಬಹಳ ದೂರ. ಕಾಡಿನ ತರಗೆಲೆಯ ಅಡಿಯಲ್ಲಿ ಕಪ್ಪೆಗಳಿವೆ, ಎರೆಹುಳುಗಳಿವೆ. ಉಪ್ಪು ಅವುಗಳ ಒದ್ದೆ ಚರ್ಮವನ್ನೂ ಸುಡುತ್ತದೆ. ಒತ್ತಾಗಿ ನೇಯ್ದ ಬಟ್ಟೆಯ, ಮೊಣಕಾಲಿನವರೆಗೆ ಏರುವ ಇಂಬಳದ ಕಾಲುಚೀಲ ಇದಕ್ಕಿಂತ ಎಷ್ಟೋ ಮೇಲು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತಕ್ಕೆ ಜನ ಮುಗಿಬಿದ್ದ ಬಳಿಕ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಮುಂಗಡ ಟಿಕೆಟ್ ಕಡ್ಡಾಯ ಮಾಡಿತು. ಪ್ಲಾಸ್ಟಿಕ್ ಬಾಟಲಿಯನ್ನು ಗೇಟಿನಲ್ಲಿ ತಪಾಸಣೆ ಮಾಡುವಂತೆ ಉಪ್ಪಿನ ಪೊಟ್ಟಣವನ್ನೂ ಅಲ್ಲಿ ಇಳಿಸಿಕೊಳ್ಳುವುದು ಕಷ್ಟದ ಕೆಲಸವಲ್ಲ ಎಂಬುದು ನನ್ನ ಅಭಿಪ್ರಾಯ.

ಭಯದ ವಿಷಯದಲ್ಲಿ ಇನ್ನೊಂದು ವಿಪರ್ಯಾಸವಿದೆ. ನಮ್ಮ ರಾಜ್ಯದ ಕಾಡುಗಳಲ್ಲಿ ರಕ್ತ ಹೀರಿ ಮನುಷ್ಯನಿಗೆ ಮಾರಕ ಕಾಯಿಲೆ ದಾಟಿಸುವುದು ಇಂಬಳವಲ್ಲ, ಉಣ್ಣೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣ್ಣೆಯ ಕಡಿತದಿಂದ ಹರಡುತ್ತದೆ. 2012ರಲ್ಲಿ ಬಂಡೀಪುರದ ಭಾಗದಲ್ಲಿಯೂ ಮಂಗಗಳ ಸಾವಿನ ಬೆನ್ನಿಗೆ ಅದು ಕಾಣಿಸಿಕೊಂಡಿತ್ತು. ಅದರ ಕಾಲ ಡಿಸೆಂಬರ್‌ನಿಂದ ಮೇ, ಅಂದರೆ ಇಂಬಳವಿಲ್ಲದ ಒಣ ತಿಂಗಳುಗಳು. ಹೀಗಾಗಿ ‘ಈಗ ಜಿಗಣೆ ಇರುವುದಿಲ್ಲ’ ಎಂದು ನಿಶ್ಚಿಂತೆಯಿಂದ ಅರೆಚಡ್ಡಿಯಲ್ಲಿ ಕಾಡಿಗೆ ಹೋಗುವವರು ಹೋಗುವುದು ನಿಜವಾಗಿ ಎಚ್ಚರ ಬೇಕಾದ ಕಾಲದಲ್ಲಿಯೇ. ಉಣ್ಣೆ ಕಣ್ಣಿಗೆ ಬೀಳದಷ್ಟು ಸಣ್ಣದು, ಅದು ಕಚ್ಚಿದರೆ ಕಾಲುಚೀಲ ಕೆಂಪಾಗುವುದಿಲ್ಲ. ಅದಕ್ಕೇ ಅದರ ವಿಡಿಯೊವನ್ನು ಯಾರೂ ಹಂಚಿಕೊಳ್ಳುವುದಿಲ್ಲ.

ಇನ್ನು ಈ ಲೇಖನದ ಮುಖ್ಯ ಸಂಗತಿಗೆ ಬರುತ್ತೇನೆ. ಇಂಬಳ ಉಂಡ ರಕ್ತವನ್ನು ಬಹಳ ನಿಧಾನವಾಗಿ ಅರಗಿಸಿಕೊಳ್ಳುತ್ತದೆ. ಹಾಗಿದ್ದರೆ ಅದರ ಹೊಟ್ಟೆಯಲ್ಲಿ ಕೊನೆಯ ಊಟದ ಡಿಎನ್‌ಎ ಎಷ್ಟು ಕಾಲ ಉಳಿಯುತ್ತದೆ? ಪ್ರಯೋಗಾಲಯದಲ್ಲಿ ಔಷಧಿ ಜಿಗಣೆಗಳಿಗೆ ಮೇಕೆಯ ರಕ್ತ ಕುಡಿಸಿ ನೋಡಿದಾಗ, ನಾಲ್ಕು ತಿಂಗಳ ನಂತರವೂ ಅದನ್ನು ಗುರುತಿಸಲು ಸಾಧ್ಯವಾಯಿತು. 2012ರಲ್ಲಿ ಪ್ರಕಟವಾದ ಈ ಅಧ್ಯಯನದ ತಂಡ ವಿಯೆಟ್ನಾಮಿನ ಅನ್ನಮೈಟ್ ಬೆಟ್ಟಗಳಿಂದ ಕೇವಲ 25 ನೆಲಜಿಗಣೆಗಳನ್ನು ತಂದು ಪರೀಕ್ಷಿಸಿತು. ಅವುಗಳಲ್ಲಿ 21ರಲ್ಲಿ ಸಸ್ತನಿಗಳ ಡಿಎನ್‌ಎ ಸಿಕ್ಕಿತು. ಅದರಲ್ಲಿ ಅಲ್ಲಿನ ಅಪರೂಪದ ಒಂದು ಕಾಡುಕುರಿ (ಬೊಗಳುವ ಜಿಂಕೆ) ಇತ್ತು. ಆ ಪ್ರದೇಶದಲ್ಲಿ ಇಟ್ಟ ಕ್ಯಾಮೆರಾಗಳ ಕಣ್ಣಿಗೆ ಬೀಳದೆ ತಪ್ಪಿಸಿಕೊಂಡಿದ್ದ ಪಟ್ಟೆಮೊಲವೂ ಇತ್ತು. ಪೊಲೀಸರು ಇದಕ್ಕೂ ಮೊದಲೇ ಇದರ ಉಪಯೋಗ ಕಂಡಿದ್ದರು: ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ 2001ರಲ್ಲಿ ನಡೆದ ಒಂದು ದರೋಡೆಯ ಸ್ಥಳದಲ್ಲಿ ಸಿಕ್ಕಿದ್ದ ಜಿಗಣೆಯೊಳಗಿನ ರಕ್ತದ ಡಿಎನ್‌ಎ, ವರ್ಷಗಳ ನಂತರ ಬೇರೊಂದು ಪ್ರಕರಣದಲ್ಲಿ ಸಿಕ್ಕಿಬಿದ್ದವನದಕ್ಕೆ ತಾಳೆಯಾಗಿ 2009ರಲ್ಲಿ ಶಿಕ್ಷೆಗೆ ದಾರಿಯಾಯಿತು.

25ರಿಂದ ಲೆಕ್ಕ ಬೇಗ ಬೆಳೆಯಿತು. ಚೀನಾದ ಯುನ್ನಾನ್ ಪ್ರಾಂತದ ಐಲಾವ್‌ಶಾನ್ ಎಂಬ ಸಂರಕ್ಷಿತ ಕಾಡಿನಲ್ಲಿ 163 ಅರಣ್ಯ ರಕ್ಷಕರು ತಮ್ಮ ದಿನನಿತ್ಯದ ಗಸ್ತಿನ ವೇಳೆ ಮೂರು ತಿಂಗಳಲ್ಲಿ 30,468 ನೆಲಜಿಗಣೆಗಳನ್ನು ಹೆಕ್ಕಿ ಸಣ್ಣ ಕೊಳವೆಗಳಲ್ಲಿ ತುಂಬಿದರು. 2022ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಅವುಗಳ ಹೊಟ್ಟೆಯಿಂದ 86 ಜಾತಿಯ ಬೆನ್ನೆಲುಬಿನ ಪ್ರಾಣಿಗಳ ಗುರುತು ಸಿಕ್ಕಿತು. ಸಸ್ತನಿಗಳಷ್ಟೇ ಅಲ್ಲ, ಹಕ್ಕಿಗಳೂ ಕಪ್ಪೆಗಳೂ ಅದರಲ್ಲಿದ್ದವು. ಯಾವ ಕೊಳವೆ ಯಾವ ಗಸ್ತಿನ ದಾರಿಯದು ಎಂಬುದು ತಿಳಿದಿದ್ದರಿಂದ ಒಂದು ನಕ್ಷೆಯೇ ತಯಾರಾಯಿತು: ಎತ್ತರದ ಒಳಗಾಡಿನಲ್ಲಿ ಕಾಡುಪ್ರಾಣಿಗಳು ಹೆಚ್ಚು, ತಗ್ಗಿನ ಅಂಚುಗಳಲ್ಲಿ ದನ, ಕುರಿ, ಮೇಕೆಗಳ ರಕ್ತ ಹೆಚ್ಚು. ಆ ಕಾಡಿನ ವಿಸ್ತೀರ್ಣ 677 ಚದರ ಕಿಲೋಮೀಟರ್. ನಮ್ಮ ನಾಗರಹೊಳೆ ರಾಷ್ಟ್ರೀಯ ಉದ್ಯಾನದ್ದು 643.

ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಕೇವಲ ಚಮತ್ಕಾರಕ್ಕಲ್ಲ. ಹುಲಿಯನ್ನು ಎಣಿಸುವುದರಲ್ಲಿ ನಮ್ಮ ಪ್ರದೇಶ ದೇಶಕ್ಕೇ ದಾರಿ ತೋರಿಸಿದೆ. ಕ್ಯಾಮೆರಾ ಇಟ್ಟು ಪಟ್ಟೆಗಳಿಂದ ಹುಲಿಗಳನ್ನು ಗುರುತಿಸುವ ವಿಧಾನವನ್ನು ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಬೆಳೆಸಿದ್ದು 1990ರ ದಶಕದ ಆರಂಭದಲ್ಲಿ. 2022ರ ಅಂದಾಜಿನಂತೆ ಬಂಡೀಪುರದಲ್ಲಿ 150, ನಾಗರಹೊಳೆಯಲ್ಲಿ 141 ಹುಲಿಗಳಿವೆ ಎಂದು ನಾವು ನಿಖರವಾಗಿ ಹೇಳಬಲ್ಲೆವು. ಆದರೆ ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ಅಭಯಾರಣ್ಯಗಳ ದಟ್ಟ ಮಳೆಕಾಡಿನಲ್ಲಿ ಮೊಲದ ಗಾತ್ರದ ಬರ್ಕ (ಮೌಸ್ ಡಿಯರ್) ಎಲ್ಲೆಲ್ಲಿ ಉಳಿದಿದೆ, ಕಂದು ಪುನುಗುಬೆಕ್ಕು ಯಾವ ಕಣಿವೆಗಳಲ್ಲಿದೆ, ನೀಲಗಿರಿ ಮಾರ್ಟಿನ್ ಎಂಬ ಸಣ್ಣ ಬೇಟೆಪ್ರಾಣಿ ಎಷ್ಟು ದೂರ ಹರಡಿದೆ ಎಂಬ ಪ್ರಶ್ನೆಗಳಿಗೆ ಅಂಥ ನಿಖರತೆಯಿಂದ ಉತ್ತರಿಸುವುದು ಕಷ್ಟ. ಹುಲಿಗಾಗಿ ಅಗಲ ದಾರಿಗಳ ಬದಿಯಲ್ಲಿ ಇಟ್ಟ ಕ್ಯಾಮೆರಾ, ಪೊದೆಯೊಳಗೆ ನುಸುಳುವ ಸಣ್ಣ ಪ್ರಾಣಿಗಳನ್ನು ಕಾಣಲು ಮಾಡಿದ್ದಲ್ಲ. ಇಂಬಳವಾದರೋ ಆ ಪೊದೆಯೊಳಗೇ ಕಾದು ಕೂತಿರುತ್ತದೆ, ತಾನಾಗಿ ದೂರ ಹೋಗುವುದಿಲ್ಲ, ಹಿಡಿಯಲು ಬೋನು ಬೇಕಿಲ್ಲ, ಹಿಡಿಯಲು ಹೋದವನನ್ನು ತಾನೇ ಹುಡುಕಿಕೊಂಡು ಬರುತ್ತದೆ.

ದನ ಮೇಯಿಸುವ ವಿವಾದಕ್ಕೂ ಇದರಿಂದ ಸ್ವಲ್ಪ ಬೆಳಕು ಬೀಳಬಹುದು. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿ ಮತ್ತು ನಾಲ್ಕು ಮರಿಗಳು ವಿಷಕ್ಕೆ ಬಲಿಯಾದ ಮೇಲೆ, ಕಾಡಿನೊಳಗೆ ದನ ಬಿಡುವುದನ್ನು ನಿಷೇಧಿಸುವ ಮಾತು ಎದ್ದಿತು, ಅದಕ್ಕೆ ಕಾಡಂಚಿನವರ ವಿರೋಧವೂ ಎದ್ದಿತು. ದನಗಳು ಕಾಡಿನ ಯಾವ ಭಾಗದವರೆಗೆ ಹೋಗುತ್ತವೆ ಎಂಬುದರ ಬಗ್ಗೆ ಎರಡೂ ಕಡೆಯವರು ಹೇಳುವುದು ಹೆಚ್ಚಾಗಿ ಅಂದಾಜಿನ ಮಾತು. ಮಹದೇಶ್ವರ ಬೆಟ್ಟದಂಥ ಒಣ ಕಾಡಿನಲ್ಲಿ ಇಂಬಳದಿಂದ ಪ್ರಯೋಜನವಿಲ್ಲ ಎಂಬುದನ್ನು ಒಪ್ಪಬೇಕು. ಕೊಡಗಿನ ಅಂಚಿನ ತೇವದ ಕಾಡುಗಳಲ್ಲಾದರೆ ಐಲಾವ್‌ಶಾನ್‌ನಲ್ಲಿ ಆದಂತೆ ಒಂದು ಗೆರೆ ಎಳೆಯಬಹುದು.

ಈ ವಿಧಾನದ ಬಗ್ಗೆ ಅತಿಯಾಗಿ ಹೇಳುವುದೂ ತಪ್ಪು. ಇಂಬಳದಿಂದ ಒಂದು ಪ್ರಾಣಿ ಇದೆ ಎಂದು ತಿಳಿಯುತ್ತದೆ, ಎಷ್ಟಿವೆ ಎಂದು ತಿಳಿಯುವುದಿಲ್ಲ. ಕಡವೆಯ ರಕ್ತ ಸಿಕ್ಕಿದರೆ ಅದು ಒಂದೇ ಕಡವೆಯೋ ಹತ್ತೋ ಎನ್ನಲಾಗದು. ನೆಲದಲ್ಲಿ ಓಡಾಡುವ ದೊಡ್ಡ ಪ್ರಾಣಿಗಳ ರಕ್ತವೇ ಹೆಚ್ಚಾಗಿ ಸಿಗುತ್ತದೆ, ಮರದ ಮೇಲೇ ಬದುಕುವ ಜೀವಿಗಳು ತಪ್ಪಿಹೋಗುತ್ತವೆ. ಹೆಕ್ಕುವವನ ರಕ್ತವೂ ಅದರಲ್ಲಿ ಸೇರುವುದರಿಂದ ಮನುಷ್ಯನ ಡಿಎನ್‌ಎ ಬಂದದ್ದನ್ನು ಪಕ್ಕಕ್ಕಿಡಬೇಕಾಗುತ್ತದೆ. ಹೋಲಿಸಿ ನೋಡಲು ನಮ್ಮ ಪ್ರಾಣಿಗಳ ಡಿಎನ್‌ಎ ಮಾಹಿತಿ ಮೊದಲೇ ಸಂಗ್ರಹವಾಗಿರಬೇಕು. ಯಾವ ಇಂಬಳ ಯಾವ ಪ್ರಾಣಿಯನ್ನು ಹೆಚ್ಚು ಕಚ್ಚುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಎಲೆಯ ಮೇಲೆ ಕಾಯುವ ಜಾತಿಗೂ ನೆಲದಲ್ಲಿ ಕಾಯುವ ಜಾತಿಗೂ ಸಿಗುವ ಊಟ ಒಂದೇ ಆಗಿರಬೇಕಿಲ್ಲ.

ಇಷ್ಟಕ್ಕೂ ಓದಬೇಕಾದ ಇಂಬಳ ಉಳಿದಿರಬೇಕಲ್ಲ. ಕೊಡಗಿನ ಹಿರಿಯ ಬೆಳೆಗಾರರ ಬಳಿ ಕೂತರೆ, ತಮ್ಮ ಬಾಲ್ಯದಲ್ಲಿ ತೋಟಕ್ಕೆ ಇಳಿದರೆ ಕಾಲು ಕಪ್ಪಾಗುವಷ್ಟು ಇಂಬಳವಿತ್ತು, ಈಗ ಹಾಗಿಲ್ಲ ಎಂಬ ಮಾತು ಕೇಳಿಬರುತ್ತದೆ. ಇದು ನೆನಪಿನ ಮಾತು, ಅಳತೆಯ ಮಾತಲ್ಲ. ಆದರೂ ಅದಕ್ಕೆ ಕಾರಣಗಳನ್ನು ಊಹಿಸುವುದು ಕಷ್ಟವಲ್ಲ: ನಾಡಮರಗಳ ದಟ್ಟ ನೆರಳಿನ ಜಾಗದಲ್ಲಿ ಸಿಲ್ವರ್ ಓಕ್ ಬಂದಿದೆ, ನೆಲದ ತರಗೆಲೆ ತೆಳುವಾಗಿದೆ, ಕಳೆನಾಶಕದ ಬಳಕೆ ಬಂದಿದೆ. ತೇವ, ನೆರಳು, ತರಗೆಲೆ, ಓಡಾಡುವ ಪ್ರಾಣಿ, ಈ ನಾಲ್ಕರಲ್ಲಿ ಒಂದು ತಪ್ಪಿದರೂ ಇಂಬಳ ಉಳಿಯದು. ಹಾಗಾಗಿ ಹೋಂಸ್ಟೇ ಮಾಲೀಕರು ಅತಿಥಿಗಳಿಗೆ ‘ನಮ್ಮಲ್ಲಿ ಜಿಗಣೆ ಇಲ್ಲ’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವಾಗ, ಅವರು ತಮಗರಿವಿಲ್ಲದೆ ಹೇಳುತ್ತಿರುವುದು ಬೇರೆಯದೇ ಸುದ್ದಿ.

ಕೆಲಸಕ್ಕೆ ಬೇಕಾದದ್ದರಲ್ಲಿ ಬಹುಪಾಲು ನಮ್ಮಲ್ಲಿ ಈಗಾಗಲೇ ಇದೆ. ಹುಲಿ ಗಣತಿಯ ಕ್ಯಾಮೆರಾಗಳು ಓಡುವುದು ಹೆಚ್ಚಾಗಿ ಒಣ ತಿಂಗಳುಗಳಲ್ಲಿ, ಇಂಬಳ ಏಳುವುದು ಮಳೆಯ ತಿಂಗಳುಗಳಲ್ಲಿ. ಒಂದು ಮುಗಿದಲ್ಲಿ ಇನ್ನೊಂದು ಶುರುವಾಗುತ್ತದೆ. ಮಳೆಗಾಲದಲ್ಲಿ ಕಳ್ಳಬೇಟೆ ತಡೆಯುವ ಶಿಬಿರಗಳಲ್ಲಿ ಇರುವವರು, ಅವರಲ್ಲಿ ಅನೇಕರು ಕಾಡನ್ನು ಅಂಗೈಯಂತೆ ಬಲ್ಲ ಜೇನುಕುರುಬರು, ದಿನವೂ ಅದೇ ದಾರಿಗಳಲ್ಲಿ ನಡೆಯುತ್ತಾರೆ. ಸಂಜೆ ಶಿಬಿರಕ್ಕೆ ಮರಳಿ ಒಲೆಯ ಮುಂದೆ ಪ್ಯಾಂಟಿನ ಮಡಿಕೆ ಬಿಚ್ಚಿ, ಇನ್ನೂ ಕಚ್ಚದೆ ಬಟ್ಟೆಗೆ ಅಂಟಿಕೊಂಡಿರುವ ಇಂಬಳಗಳನ್ನು ಒಂದೊಂದಾಗಿ ಹೆಕ್ಕಿ ಬೆಂಕಿಗೆ ಹಾಕುತ್ತಾರೆ. ಆ ಹೆಕ್ಕುವ ಕೆಲಸ ಈಗಲೂ ನಡೆದೇ ಇದೆ. ಒಲೆಯ ಬದಲು ಮುಚ್ಚಳವಿರುವ ಒಂದು ಕೊಳವೆ, ಅದರ ಮೇಲೆ ದಿನಾಂಕ ಮತ್ತು ದಾರಿಯ ಹೆಸರು ಬರೆದ ಚೀಟಿ, ಇಷ್ಟು ಅಲ್ಲಿಗೆ ತಲುಪಬೇಕು.